ಒಡಲಲ್ಲಿ ಕೂಸು, ಎದೆಯಲ್ಲಿ ಉರಿ

ಬಸುರಿ ಹೆಂಗಸು ಎದೆ ನೀವಿಕೊಳ್ಳುತ್ತ ಎದ್ದು ಕೂತರೆ ಮನೆಯ ಹಿರಿಯರಿಗೇನೂ ಗಾಬರಿಯಾಗುವುದಿಲ್ಲ. ‘ಮಗೂಗೆ ತಲೆತುಂಬ ಕೂದಲು ಬರ್ತಿದೆ ಕಣೇ, ಅದಕ್ಕೇ ಉರಿ’ ಎಂದು ಸಮಾಧಾನ ಹೇಳುತ್ತಾರೆ. ನಮ್ಮ ಅಜ್ಜಿಯರ ಹಾಗೆ ಅಮೆರಿಕದ ಅಜ್ಜಿಯರೂ ಇದೇ ಮಾತನ್ನು ಹೇಳಿಕೊಂಡು ಬಂದಿದ್ದಾರೆ. ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಕ್ಯಾಥ್ಲೀನ್ ಕಾಸ್ಟಿಗನ್ ಮತ್ತು ಸಂಗಡಿಗರು ಈ ನಂಬಿಕೆಯನ್ನು ಒರೆಗೆ ಹಚ್ಚಿ ನೋಡಿದರು. 64 ಗರ್ಭಿಣಿಯರನ್ನು ಎದೆಯುರಿ ಎಷ್ಟಿದೆ ಎಂದು ಕೇಳಿ ಬರೆದುಕೊಂಡರು. ಹೆರಿಗೆಯಾದ ಮೇಲೆ ಶಿಶುಗಳ ಫೋಟೊ ತರಿಸಿ, ಯಾವ ತಾಯಿಗೆ ಎದೆಯುರಿ ಇತ್ತೆಂದು ತಿಳಿಯದ ಇಬ್ಬರಿಂದ ಕೂದಲಿಗೆ ಅಂಕ ಹಾಕಿಸಿದರು.

2006ರಲ್ಲಿ ಫಲಿತಾಂಶ ಪ್ರಕಟವಾಯಿತು. ಎದೆಯುರಿ ಸಾಕಷ್ಟಿತ್ತು ಅಥವಾ ಜೋರಾಗಿತ್ತು ಎಂದಿದ್ದ 28 ತಾಯಂದಿರಲ್ಲಿ 23 ಮಂದಿಯ ಮಕ್ಕಳಿಗೆ ಸರಾಸರಿ ಇಲ್ಲವೆ ಅದಕ್ಕಿಂತ ಹೆಚ್ಚು ಕೂದಲಿತ್ತು. ಉರಿಯೇ ಇರಲಿಲ್ಲ ಎಂದಿದ್ದ 12 ಮಂದಿಯಲ್ಲಿ 10 ಮಂದಿಯ ಮಕ್ಕಳಿಗೆ ಕೂದಲು ಕಡಿಮೆ ಅಥವಾ ಇಲ್ಲವೇ ಇಲ್ಲ. ಅಧ್ಯಯನ ಚಿಕ್ಕದು, ಅದೊಂದನ್ನೇ ನೆಚ್ಚಿಕೊಂಡು ತೀರ್ಪು ಕೊಡಲಾಗದು. ಕೂದಲು ಹೋಗಿ ತಾಯಿಯ ಎದೆಯನ್ನು ಚುಚ್ಚುವುದಂತೂ ಇಲ್ಲ. ಬಸಿರಿನಲ್ಲಿ ಏರುವ ಹಾರ್ಮೋನುಗಳೇ ಎರಡರ ಹಿಂದೆಯೂ ಇರಬಹುದು, ಅವು ಒಂದು ಕಡೆ ಮಗುವಿನ ಕೂದಲನ್ನು ಬೆಳೆಸುತ್ತ ಇನ್ನೊಂದು ಕಡೆ ತಾಯಿಯ ಜಠರದ ಬಾಯಿಯನ್ನು ಸಡಿಲಿಸುತ್ತಿರಬಹುದು ಎಂಬುದು ಸಂಶೋಧಕರ ಊಹೆ.

ಹಿರಿಯರ ಮಾತಿಗೆ ಒಂದಷ್ಟು ಆಧಾರ ಇದ್ದೀತು. ಆದರೆ ಆ ಮಾತು ಹೊರಬಿದ್ದ ಮೇಲೆ ಮನೆಯಲ್ಲಿ ಎದೆಯುರಿಯ ಪ್ರಸ್ತಾಪವೇ ನಿಂತುಹೋಗುತ್ತದೆ. ಎಲ್ಲರಿಗೂ ಆಗುವಂಥದ್ದು, ಹೆರಿಗೆಯಾದರೆ ತಾನೇ ಹೋಗುತ್ತದೆ, ಸುಮ್ಮನೆ ತಡೆದುಕೋ ಎಂದು ಹೇಳಿಸಿಕೊಂಡವಳು ತಪಾಸಣೆಯ ದಿನ ವೈದ್ಯರೆದುರೂ ಬಾಯಿ ಬಿಡುವುದಿಲ್ಲ. ರಾತ್ರಿ ನಿದ್ದೆಯಿಲ್ಲ, ಹಗಲು ಊಟ ಸೇರದು. ರಕ್ತಹೀನತೆಗೆ ಕೊಟ್ಟ ಕಬ್ಬಿಣದ ಮಾತ್ರೆ ಉರಿ ಹೆಚ್ಚಿಸುತ್ತದೆಂದು ಡಬ್ಬಿಯಲ್ಲೇ ಉಳಿಯುತ್ತದೆ. ಮೆಡಿಕಲ್ ಶಾಪಿನಿಂದ ಗಂಡ ಕೇಳಿ ತಂದ ಯಾವುದೋ ಮಾತ್ರೆ ಹೊಟ್ಟೆ ಸೇರುತ್ತದೆ. ಅಪರೂಪಕ್ಕೆ, ‘ಗ್ಯಾಸ್ಟ್ರಿಕ್’ ಎಂದುಕೊಂಡ ನೋವಿನ ಹಿಂದೆ ತಾಯಿ-ಮಗು ಇಬ್ಬರ ಜೀವಕ್ಕೂ ಎರವಾಗುವ ಕಾಯಿಲೆ ಅಡಗಿರುತ್ತದೆ. ಬಸುರಿಯ ಎದೆಯುರಿಯನ್ನು ಕಿವಿಗೊಟ್ಟು ಕೇಳಲೇಬೇಕು ಎನ್ನುವುದಕ್ಕೆ ಇಷ್ಟು ಕಾರಣಗಳು ಸಾಕು.

ಲಾಡಿ ಸಡಿಲವಾದಾಗ

ಅನ್ನನಾಳವೆಂದರೆ ಸುಮಾರು 25 ಸೆಂಟಿಮೀಟರ್ ಉದ್ದದ ಸ್ನಾಯುವಿನ ಕೊಳವೆ. ಅದು ಜಠರವನ್ನು ಕೂಡುವ ಜಾಗದಲ್ಲಿ ಉಂಗುರದಂಥ ಸ್ನಾಯುವಿದೆ. ಲಾಡಿ ಎಳೆದು ಬಿಗಿದ ಚೀಲದ ಬಾಯಿಯ ಹಾಗೆ ಅದು ಸದಾ ಮುಚ್ಚಿಕೊಂಡಿದ್ದು, ತುತ್ತು ಇಳಿಯುವಾಗ ಮಾತ್ರ ತೆರೆದು ಮತ್ತೆ ಬಿಗಿಯಾಗುತ್ತದೆ. ಕೆಳಗಿನ ಜಠರದಲ್ಲಿ ದಿನಕ್ಕೆ ಒಂದೂವರೆಯಿಂದ ಎರಡು ಲೀಟರಿನಷ್ಟು ರಸ ಊರುತ್ತದೆ. ಅದರಲ್ಲಿರುವ ಹೈಡ್ರೋಕ್ಲೋರಿಕ್ ಆಮ್ಲ ಬಲು ತೀಕ್ಷ್ಣ. ಜಠರದ ಒಳಗೋಡೆಗೆ ಲೋಳೆಯ ದಪ್ಪ ಲೇಪವಿರುವುದರಿಂದ ಅದಕ್ಕೆ ಏನೂ ಆಗದು. ಅನ್ನನಾಳಕ್ಕೆ ಅಂಥ ರಕ್ಷಣೆಯಿಲ್ಲ. ಆಮ್ಲ ಒಂದಿಷ್ಟು ಮೇಲೆ ಚಿಮ್ಮಿದರೂ ಎದೆಯ ನಡುಮೂಳೆಯ ಹಿಂದೆ ಕೆಂಡವಿಟ್ಟಂತಾಗುತ್ತದೆ, ಗಂಟಲಿಗೆ ಹುಳಿ ಬರುತ್ತದೆ, ತೇಗಿದರೆ ಬಾಯೆಲ್ಲ ಕಹಿಯಾಗುತ್ತದೆ.

ಬಸಿರಿನಲ್ಲಿ ಈ ಉಂಗುರ ಸಡಿಲವಾಗುವುದು ಪ್ರೊಜೆಸ್ಟರಾನ್ ಎಂಬ ಹಾರ್ಮೋನಿನಿಂದ. ಅಂಡಾಶಯದಿಂದ ಹೊರಡುವ ಈ ರಸವಿಲ್ಲದೆ ಗರ್ಭ ನಿಲ್ಲದೆಂದು ಅಮೆರಿಕದ ರಾಚೆಸ್ಟರ್‌ನಲ್ಲಿ ಜಾರ್ಜ್ ಕಾರ್ನರ್ ಮತ್ತು ವಿಲ್ಲರ್ಡ್ ಅಲೆನ್ 1929ರಲ್ಲಿ ಮೊಲಗಳ ಮೇಲಿನ ಪ್ರಯೋಗದಿಂದ ತೋರಿಸಿಕೊಟ್ಟರು. ದಿನ ತುಂಬುವ ಮೊದಲೇ ಗರ್ಭಕೋಶ ಹಿಂಡಿಕೊಳ್ಳದಂತೆ ಅದರ ಸ್ನಾಯುಗಳನ್ನು ಶಾಂತವಾಗಿಡುವುದು ಪ್ರೊಜೆಸ್ಟರಾನಿನ ದೊಡ್ಡ ಕೆಲಸಗಳಲ್ಲಿ ಒಂದು. ಆದರೆ ರಕ್ತದಲ್ಲಿ ಹರಿಯುವ ಹಾರ್ಮೋನು ಗರ್ಭಕೋಶವೊಂದನ್ನೇ ಹುಡುಕಿಕೊಂಡು ಹೋಗುವುದಿಲ್ಲ. ಅದೇ ಜಾತಿಯ ಸ್ನಾಯುವಿರುವ ಕಡೆಯಲ್ಲೆಲ್ಲ ಅದರ ಪ್ರಭಾವ ಕಾಣುತ್ತದೆ. ಕರುಳಿನ ಚಲನೆ ನಿಧಾನವಾಗಿ ಮಲಬದ್ಧತೆ ಕಾಡುತ್ತದೆ. ಅನ್ನನಾಳದ ಕೊನೆಯ ಉಂಗುರವೂ ಹಿಡಿತ ಕಳೆದುಕೊಳ್ಳುತ್ತದೆ.

ಅಮೆರಿಕದ ವೈದ್ಯ ಡೇವಿಡ್ ವ್ಯಾನ್ ಥೀಲ್ ಮತ್ತು ಸಂಗಡಿಗರು ಇದನ್ನು ಅಳೆದೇ ನೋಡಿದರು. ನಾಲ್ವರು ಗರ್ಭಿಣಿಯರ ಅನ್ನನಾಳದೊಳಗೆ ಸಣ್ಣ ನಳಿಕೆ ಇಳಿಸಿ, 12, 24 ಮತ್ತು 36ನೇ ವಾರಗಳಲ್ಲಿ, ಹೆರಿಗೆಯ ಬಳಿಕ ಇನ್ನೊಮ್ಮೆ ಆ ಉಂಗುರದ ಬಿಗಿತವನ್ನು ದಾಖಲಿಸಿಕೊಂಡರು. 1977ರಲ್ಲಿ ಅವರು ಪ್ರಕಟಿಸಿದ ಪ್ರಕಾರ ತಿಂಗಳು ತುಂಬುತ್ತ ಬಂದಂತೆ ನಾಲ್ವರಲ್ಲೂ ಬಿಗಿತ ಇಳಿಯುತ್ತ ಹೋಗಿ 36ನೇ ವಾರಕ್ಕೆ ತೀರ ಕಡಿಮೆಯಾಗಿತ್ತು. ಹೆರಿಗೆಯಾದ ಕೆಲವೇ ವಾರಗಳಲ್ಲಿ ಮೊದಲಿನ ಸ್ಥಿತಿಗೆ ಬಂದಿತ್ತು. ನಾಲ್ಕೇ ಜನರ ಈ ಅಳತೆಯನ್ನು ವೈದ್ಯಲೋಕ ಇವತ್ತಿಗೂ ನೆನೆಯುತ್ತದೆ. ಗರ್ಭಿಣಿಯರ ಮೇಲೆ ಇಂಥ ಪರೀಕ್ಷೆ ಸುಲಭವಾಗಿ ನಡೆಯುವಂಥದ್ದಲ್ಲ.

ಇದರ ಮೇಲೆ ಕೆಳಗಿನಿಂದ ಒತ್ತಡ ಬೇರೆ. 12ನೇ ವಾರದ ಹೊತ್ತಿಗೆ ಕಿಬ್ಬೊಟ್ಟೆಯ ಮೂಳೆಯ ಮೇಲೆ ಕೈಗೆ ಸಿಗುವ ಗರ್ಭಕೋಶ 20ನೇ ವಾರಕ್ಕೆ ಹೊಕ್ಕುಳ ಮುಟ್ಟುತ್ತದೆ. 36ನೇ ವಾರಕ್ಕೆ ಪಕ್ಕೆಲುಬುಗಳು ಕೂಡುವ ಜಾಗಕ್ಕೆ ಬಂದಿರುತ್ತದೆ. ಜಠರಕ್ಕೆ ಅತ್ತಿತ್ತ ಹೊರಳಲೂ ಎಡೆಯಿಲ್ಲ. ಮೇಲಿನ ಕಟ್ಟು ಸಡಿಲ, ಕೆಳಗಿನಿಂದ ಅದುಮು. ಕೊನೆಯ ವಾರಗಳಲ್ಲಿ ಮಗುವಿನ ತಲೆ ಕೆಳಗಿಳಿದ ಮೇಲೆ ಎಷ್ಟೋ ಹೆಂಗಸರಿಗೆ ಉಸಿರೂ ಊಟವೂ ತುಸು ಹಗುರಾಗುವುದಕ್ಕೆ ಇದೇ ಕಾರಣ.

ಇಂಗ್ಲೆಂಡಿನಲ್ಲಿ ಬಸುರಿಯರ ತಪಾಸಣೆಗೆ ಬಂದ 607 ಮಹಿಳೆಯರನ್ನು ಕೇಳಿ ಮಾಡಿದ ಅಧ್ಯಯನವೊಂದು 1992ರಲ್ಲಿ ಪ್ರಕಟವಾಯಿತು. ಮೊದಲ ಮೂರು ತಿಂಗಳಲ್ಲಿ ಶೇ 22 ಮಂದಿಗೆ, ನಡುವಿನ ಮೂರು ತಿಂಗಳಲ್ಲಿ ಶೇ 39 ಮಂದಿಗೆ, ಕೊನೆಯ ಮೂರು ತಿಂಗಳಲ್ಲಿ ಶೇ 72 ಮಂದಿಗೆ ಎದೆಯುರಿ ಇತ್ತು. ಬಸಿರಿಗೆ ಮುಂಚೆಯೇ ಈ ತೊಂದರೆ ಇದ್ದವರಿಗೆ ಮತ್ತು ಈಗಾಗಲೇ ಹೆತ್ತವರಿಗೆ ಸಾಧ್ಯತೆ ಹೆಚ್ಚು. ಬಸಿರಿಗೆ ಮೊದಲಿನ ಮೈತೂಕಕ್ಕೂ ಇದಕ್ಕೂ ಸಂಬಂಧ ಕಾಣಲಿಲ್ಲ. ‘ದಪ್ಪ ಆಗಿದ್ದೀಯಲ್ಲ, ಅದಕ್ಕೇ’ ಎಂದು ಬಸುರಿಯನ್ನು ಚುಚ್ಚುವವರು ಈ ಅಂಶವನ್ನು ಗಮನಿಸಬೇಕು.

ಇಬ್ಬರ ಊಟ, ಒಂದೇ ಜಠರ

‘ಈಗ ನೀನೊಬ್ಬಳಲ್ಲ, ಇಬ್ಬರ ಊಟ ಉಣ್ಣಬೇಕು’ ಎನ್ನುವುದು ತವರಿನಲ್ಲೂ ಅತ್ತೆಮನೆಯಲ್ಲೂ ಕೇಳುವ ಮಾತು. ಪ್ರೀತಿಯಿಂದ ಬಡಿಸಿದ್ದನ್ನು ಬೇಡ ಎನ್ನುವುದು ಕಷ್ಟ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೊರತಂದ ಶಿಫಾರಸಿನ ಪ್ರಕಾರ ಗರ್ಭಿಣಿಗೆ ದಿನಕ್ಕೆ ಹೆಚ್ಚುವರಿಯಾಗಿ ಬೇಕಾಗುವುದು ಸುಮಾರು 350 ಕ್ಯಾಲೊರಿ. ಒಂದು ಲೋಟ ಹಾಲು, ಒಂದು ಬಾಳೆಹಣ್ಣು, ಒಂದು ಸಣ್ಣ ಹಿಡಿ ಶೇಂಗಾ ತಿಂದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಬೇಕಿರುವುದು ಒಳ್ಳೆಯ ಆಹಾರ. ಎರಡು ಪಾಲು ಅನ್ನವಲ್ಲ. ಇಕ್ಕಟ್ಟಿನ ಜಠರಕ್ಕೆ ಒಂದೇ ಸಲ ಮುದ್ದೆ, ಸಾರು, ಅನ್ನ, ಮಜ್ಜಿಗೆ ಎಲ್ಲವನ್ನೂ ತುಂಬಿದರೆ ಅದು ಮೇಲಕ್ಕೇ ಬರಬೇಕು.

ನಮ್ಮ ಮನೆಗಳಲ್ಲಿ ಇದಕ್ಕೆ ಇನ್ನೊಂದು ಅಡಚಣೆಯಿದೆ. ಗಂಡಸರೂ ಮಕ್ಕಳೂ ಉಂಡ ಮೇಲೆ ಹೆಂಗಸರು ತಟ್ಟೆ ಹಾಕಿಕೊಳ್ಳುವುದು ಎಷ್ಟೋ ಕಡೆ ಇವತ್ತಿಗೂ ರೂಢಿ. ಬಸುರಿ ಊಟಕ್ಕೆ ಕೂರುವಾಗ ರಾತ್ರಿ ಒಂಬತ್ತೂವರೆ ದಾಟಿರುತ್ತದೆ. ಪಾತ್ರೆ ತೊಳೆದಿಟ್ಟು, ಒಲೆಕಟ್ಟೆ ಒರೆಸಿ ಹತ್ತೂವರೆಗೆ ಚಾಪೆಗೆ ಬೆನ್ನು ಕೊಟ್ಟರೆ ಉಂಡದ್ದೆಲ್ಲ ಇನ್ನೂ ಜಠರದಲ್ಲೇ ಇರುತ್ತದೆ. ಊಟಕ್ಕೂ ಮಲಗುವುದಕ್ಕೂ ನಡುವೆ ಎರಡು-ಮೂರು ಗಂಟೆ ಬಿಡಬೇಕೆಂಬ ಸಲಹೆ ಪ್ರಪಂಚದ ಎಲ್ಲ ವೈದ್ಯರ ಚೀಟಿಯಲ್ಲೂ ಇರುತ್ತದೆ. ಅದನ್ನು ಪಾಲಿಸುವುದು ಬಸುರಿಯೊಬ್ಬಳ ಕೈಯಲ್ಲಿಲ್ಲ. ಮನೆಯ ಊಟದ ವೇಳೆ ಬದಲಾಗಬೇಕು. ಇಲ್ಲವಾದರೆ ಏಳೂವರೆಗೆ ಅವಳಿಗೊಬ್ಬಳಿಗೆ ಮೊದಲು ಬಡಿಸಬೇಕು. ಪಾತ್ರೆ ತೊಳೆಯುವ ಕೆಲಸ ಬೇರೆಯವರದಾಗಬೇಕು. ಸೀಮಂತಕ್ಕೆ ಸಾವಿರಾರು ರೂಪಾಯಿ ಖರ್ಚು ಮಾಡುವ ಮನೆಗೆ ಇದು ಯಾವ ದೊಡ್ಡ ತ್ಯಾಗವೂ ಅಲ್ಲ.

ಏನು ತಿನ್ನಬೇಕು, ಏನು ಬಿಡಬೇಕು ಎಂಬ ಪಟ್ಟಿ ಎಲ್ಲರಿಗೂ ಒಂದೇ ಆಗಿರುವುದಿಲ್ಲ. ಕರಿದದ್ದು, ಜಿಡ್ಡು ಹೆಚ್ಚಿರುವುದು ಜಠರದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಕಾಫಿ, ಚಹಾ, ಚಾಕೊಲೇಟ್, ಪುದೀನ ಹಲವರಿಗೆ ಆಗಿಬರುವುದಿಲ್ಲ. ಉತ್ತರ ಕರ್ನಾಟಕದ ಕುಬಸದ ಊಟದಲ್ಲಿ ಮಿರ್ಚಿ ಭಜಿ, ಕೆಂಪು ಮೆಣಸಿನಕಾಯಿ ಚಟ್ನಿ. ಹಳೇ ಮೈಸೂರಿನ ಸೀಮಂತದಲ್ಲಿ ಹುಣಸೆಹುಳಿಯ ಪುಳಿಯೋಗರೆ, ಬಿಸಿಬೇಳೆಬಾತ್. ಕರಾವಳಿಯಲ್ಲಿ ಖಾರದ ಮೀನುಸಾರು. ಒಬ್ಬಳಿಗೆ ಮೆಣಸಿನಕಾಯಿ ಬೆಂಕಿಯಾದರೆ ಇನ್ನೊಬ್ಬಳಿಗೆ ಹುಣಸೆಹುಳಿ, ಮತ್ತೊಬ್ಬಳಿಗೆ ಬರೀ ಹೊಟ್ಟೆಯಲ್ಲಿ ಕುಡಿದ ಕಾಫಿ. ಒಂದು ವಾರ ಕಾಲ ಏನು ತಿಂದಾಗ ಉರಿ ಬಂತೆಂದು ಗುರುತು ಹಾಕಿಕೊಂಡರೆ ತನಗಾಗದ್ದು ಯಾವುದೆಂದು ಅವಳಿಗೇ ತಿಳಿಯುತ್ತದೆ. ಆಗದ್ದನ್ನಷ್ಟೇ ಬಿಟ್ಟರಾಯಿತು. ಬಯಕೆಯ ತಿನಿಸುಗಳನ್ನೆಲ್ಲ ಕಿತ್ತುಕೊಂಡು ಬರೀ ಗಂಜಿ ಕುಡಿಸಿದರೆ ತಾಯಿಗೂ ಮಗುವಿಗೂ ಪೋಷಣೆಯ ಕೊರತೆಯಾದೀತು.

ತಣ್ಣನೆಯ ಹಾಲು ಕುಡಿದೊಡನೆ ಹಿತವೆನಿಸುತ್ತದೆ. ಆದರೆ ಹಾಲಿನ ಪ್ರೋಟೀನು ಮತ್ತು ಕ್ಯಾಲ್ಸಿಯಂ ಸ್ವಲ್ಪ ಹೊತ್ತಿನಲ್ಲಿ ಮತ್ತೆ ಆಮ್ಲ ಊರಿಸುತ್ತವೆ. ಹಾಗಾಗಿ ಮಲಗುವ ಮುನ್ನ ದೊಡ್ಡ ಲೋಟದ ತುಂಬ ಹಾಲು ಕುಡಿಯುವ ಬದಲು ಸಂಜೆಗೇ ಕುಡಿಯುವುದು ಲೇಸು. ತಿಳಿಮಜ್ಜಿಗೆ, ಜೀರಿಗೆ ಕುದಿಸಿದ ನೀರು ಹಿತವೆನಿಸಿದರೆ ಕುಡಿಯಬಹುದು. ಹಗಲಿನ ಊಟವನ್ನು ಐದಾರು ಸಣ್ಣ ಪಾಲು ಮಾಡಿಕೊಳ್ಳಲು ಅಂಗನವಾಡಿಯೂ ನೆರವಾಗಬಲ್ಲದು. 2017ರ ಅಕ್ಟೋಬರ್ 2ರಂದು ಕರ್ನಾಟಕದಲ್ಲಿ ಶುರುವಾದ ಮಾತೃಪೂರ್ಣ ಯೋಜನೆಯಲ್ಲಿ ಅನ್ನ, ಬೇಳೆ-ತರಕಾರಿ ಸಾಂಬಾರು, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ ಇರುವ ಮಧ್ಯಾಹ್ನದ ಬಿಸಿಯೂಟವನ್ನು ಗರ್ಭಿಣಿ-ಬಾಣಂತಿಯರಿಗೆಂದೇ ಗೊತ್ತುಮಾಡಲಾಗಿತ್ತು. ಚಿಕ್ಕಿಯನ್ನೂ ಹಾಲನ್ನೂ ಊಟದ ಜೊತೆಗೇ ಮುಗಿಸದೆ ಸಂಜೆ ನಾಲ್ಕಕ್ಕೆ ಇಟ್ಟುಕೊಂಡರೆ ಅದೇ ಒಂದು ಹೊತ್ತಿನ ಆಹಾರ.

ಎಡಮಗ್ಗುಲು, ಎರಡು ಇಟ್ಟಿಗೆ

ರಾತ್ರಿಯ ಉರಿಗೆ ಕಾಸು ಖರ್ಚಿಲ್ಲದ ಎರಡು ಉಪಾಯಗಳಿವೆ. ಮೊದಲನೆಯದು ಎಡಮಗ್ಗುಲಾಗಿ ಮಲಗುವುದು. ಜಠರ ದೇಹದ ಎಡಕ್ಕೆ ಬಾಗಿಕೊಂಡಿದೆ. ಎಡಕ್ಕೆ ಮಲಗಿದಾಗ ಅದರ ಅಗಲವಾದ ಭಾಗ ಕೆಳಗೂ ಅನ್ನನಾಳ ಸೇರುವ ಬಾಯಿ ಮೇಲೂ ಬರುವುದರಿಂದ ಆಮ್ಲ ಅಲ್ಲೇ ನಿಲ್ಲುತ್ತದೆ. ಬಲಕ್ಕೆ ಹೊರಳಿದರೆ ಇದು ತಲೆಕೆಳಗು. ಕೊನೆಯ ತಿಂಗಳುಗಳಲ್ಲಿ ಮಗುವಿಗೆ ರಕ್ತ ಸರಾಗವಾಗಿ ಹರಿಯಲೂ ಎಡಮಗ್ಗುಲನ್ನೇ ಹೇಳುತ್ತಾರೆ. ಒಂದು ಅಭ್ಯಾಸದಿಂದ ಎರಡು ಲಾಭ.

ಎರಡನೆಯದು ಮಂಚದ ತಲೆಯ ಕಡೆ ಎತ್ತರಿಸುವುದು. ತಲೆಯ ಕಡೆಯ ಎರಡೂ ಕಾಲುಗಳ ಕೆಳಗೆ ಎರಡೆರಡು ಇಟ್ಟಿಗೆಯನ್ನು ಅಡ್ಡ ಮಲಗಿಸಿ ಇಟ್ಟರೆ ಸುಮಾರು 15 ಸೆಂಟಿಮೀಟರ್ ಏರುತ್ತದೆ. ಮಂಚ ಅಲುಗದಂತೆ ಗಟ್ಟಿಯಾಗಿ ಕೂರಿಸಿ ಒತ್ತಿ ನೋಡಬೇಕು. ಮೂರು ದಿಂಬು ಪೇರಿಸಿ ಮಲಗುವುದರಿಂದ ಈ ಫಲ ಸಿಗದು. ದಿಂಬು ಕತ್ತನ್ನು ಮಾತ್ರ ಎತ್ತುತ್ತದೆ. ಸೊಂಟದ ಬಳಿ ಮೈ ಮಡಚಿಕೊಂಡು ಹೊಟ್ಟೆಯ ಮೇಲಿನ ಒತ್ತಡ ಹೆಚ್ಚುತ್ತದೆ. ನೆಲದ ಮೇಲೆ ಮಲಗುವವರು ಹಾಸಿಗೆಯ ಅಡಿಗೆ ಜಮಖಾನೆ, ಕಂಬಳಿಗಳನ್ನು ಮಡಿಸಿ ಸೊಂಟದಿಂದ ತಲೆಯವರೆಗೆ ಇಳಿಜಾರು ಮಾಡಿಕೊಳ್ಳಬಹುದು.

ಕೆಂಪು ಮಾತ್ರೆಯ ಸಂಕಟ

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಶೇ 52.2 ಮಂದಿಗೆ ರಕ್ತಹೀನತೆಯಿದೆ. ಇದಕ್ಕಾಗಿಯೇ ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ ನುಂಗಲು 60 ಮಿಲಿಗ್ರಾಂ ಕಬ್ಬಿಣದಂಶವಿರುವ ಕೆಂಪು ಮಾತ್ರೆಯನ್ನು ಸರ್ಕಾರ ಉಚಿತವಾಗಿ ಕೊಡುತ್ತದೆ. ಆಶಾ ಕಾರ್ಯಕರ್ತೆ ಅದನ್ನು ಮನೆಗೇ ತಲುಪಿಸುತ್ತಾಳೆ. ಆದರೂ ಅದೇ ಸಮೀಕ್ಷೆಯಲ್ಲಿ 180 ದಿನ ಪೂರ್ತಿ ನುಂಗಿದ್ದೇವೆ ಎಂದ ತಾಯಂದಿರು ಶೇ 26 ಮಾತ್ರ.

ಮಾತ್ರೆ ಬಿಡಲು ಕಾರಣ ಹಲವು. ಹೊಟ್ಟೆ ತೊಳಸುತ್ತದೆ, ಎದೆ ಉರಿಯುತ್ತದೆ, ಮಲ ಕಪ್ಪಾಗುತ್ತದೆ, ಕಟ್ಟಿಕೊಳ್ಳುತ್ತದೆ ಎಂಬ ದೂರುಗಳು ಅದರಲ್ಲಿ ಮುಂದಿವೆ. ಇವು ಸುಳ್ಳು ನೆಪಗಳಲ್ಲ. ಕಬ್ಬಿಣ ಜಠರವನ್ನು ಕೆರಳಿಸುವುದು ನಿಜ. ‘ನುಂಗಲೇಬೇಕು’ ಎಂದು ಗದರಿದರೆ ತಾಯಿ ಕಾರ್ಡಿನಲ್ಲಿ ಗುರುತು ಬೀಳುತ್ತದೆ, ಮಾತ್ರೆ ಹಿತ್ತಿಲಿಗೆ ಬೀಳುತ್ತದೆ. ಎದೆಯುರಿಯ ಮಾತನ್ನು ಗಂಭೀರವಾಗಿ ಕೇಳಿದರೆ ದಾರಿಗಳಿವೆ. ಬರೀ ಹೊಟ್ಟೆಯಲ್ಲಿ ಆಗದವರು ಊಟದ ನಂತರ ನುಂಗಬಹುದು. ಮೈಗೆ ಹತ್ತುವ ಕಬ್ಬಿಣ ತುಸು ಕಡಿಮೆಯಾದರೂ ಬಿಟ್ಟುಬಿಡುವುದಕ್ಕಿಂತ ಅದೇ ಮೇಲು. ನುಂಗಿದ ತಕ್ಷಣ ಮಲಗಬಾರದು. ಚಹಾ-ಕಾಫಿಯ ಜೊತೆ ಬೇಡ. ಆಗಲೇ ಇಲ್ಲವೆಂದರೆ ವೈದ್ಯರು ಬೇರೆ ಬಗೆಯ ಕಬ್ಬಿಣದ ಮಾತ್ರೆ ಬರೆಯಬಹುದು, ರಕ್ತ ತೀರ ಕಡಿಮೆಯಿದ್ದರೆ ಡ್ರಿಪ್ ಮೂಲಕ ಕೊಡಬಹುದು.

ಬಹಳ ಮಂದಿಗೆ ತಿಳಿಯದ ಇನ್ನೊಂದು ಸಂಗತಿಯಿದೆ. ಉರಿ ತಡೆಯಲು ಕುಡಿಯುವ ಆಂಟಾಸಿಡ್ ಸಿರಪ್ಪನ್ನೂ ಕಬ್ಬಿಣದ ಮಾತ್ರೆಯನ್ನೂ ಒಟ್ಟಿಗೆ ತೆಗೆದುಕೊಂಡರೆ ಕಬ್ಬಿಣ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಕ್ಯಾಲ್ಸಿಯಂ ಮಾತ್ರೆಯ ವಿಷಯವೂ ಅಷ್ಟೇ. ಇವುಗಳ ನಡುವೆ ಕನಿಷ್ಠ ಎರಡು ಗಂಟೆ ಅಂತರ ಬೇಕು. ಬೆಳಿಗ್ಗೆ ಮತ್ತು ರಾತ್ರಿ ಊಟದೊಂದಿಗೆ ಕ್ಯಾಲ್ಸಿಯಂ, ಮಧ್ಯಾಹ್ನ ಕಬ್ಬಿಣ ಎಂದು ವೇಳೆ ಗೊತ್ತುಮಾಡಿಕೊಂಡರೆ ಗೋಜಲಿಲ್ಲ.

ಯಾವ ಮದ್ದು, ಯಾವುದು ಬೇಡ

ಬಸಿರಿನಲ್ಲಿ ಯಾವ ಮಾತ್ರೆಯೂ ಬೇಡ ಎಂಬ ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರುಕಟ್ಟೆಗೆ ಬಂದ ಥಾಲಿಡೊಮೈಡ್ ಎಂಬ ನಿದ್ದೆಮಾತ್ರೆಯನ್ನು ಬಸುರಿಯರ ವಾಕರಿಕೆಗೂ ಕೊಟ್ಟರು. 1961ರ ನವೆಂಬರಿನಲ್ಲಿ ಅದನ್ನು ಹಿಂತೆಗೆಯುವ ಹೊತ್ತಿಗೆ ಹಲವು ದೇಶಗಳಲ್ಲಿ ಕೈಕಾಲು ಬೆಳೆಯದ ಸಾವಿರಾರು ಶಿಶುಗಳು ಹುಟ್ಟಿದ್ದವು. ಆಮೇಲೆ ಔಷಧಗಳ ಪ್ರಯೋಗಗಳಿಂದ ಗರ್ಭಿಣಿಯರನ್ನು ದೂರವೇ ಇಟ್ಟರು. ಅದರ ಪರಿಣಾಮ ಇಂದಿಗೂ ಉಳಿದಿದೆ. ಗರ್ಭಿಣಿಯರ ಎದೆಯುರಿಯ ಚಿಕಿತ್ಸೆ ಬಗ್ಗೆ ಕಾಕ್ರೇನ್ ಸಂಸ್ಥೆ 2015ರಲ್ಲಿ ಜಗತ್ತಿನ ಪ್ರಯೋಗಗಳನ್ನೆಲ್ಲ ಜಾಲಾಡಿದಾಗ ಸಿಕ್ಕಿದ್ದು ಒಂಬತ್ತು, ಅವುಗಳಲ್ಲಿ ಪಾಲ್ಗೊಂಡವರು 725 ಮಹಿಳೆಯರು. ಕೋಟ್ಯಂತರ ತಾಯಂದಿರನ್ನು ಕಾಡುವ ತೊಂದರೆಗೆ ಇದು ತೀರ ಕಡಿಮೆ.

ಆದರೂ ದಶಕಗಳ ಬಳಕೆಯಿಂದ ಗೊತ್ತಾಗಿರುವುದು ಸಾಕಷ್ಟಿದೆ. ಊಟದ ಕ್ರಮ, ಮಲಗುವ ಕ್ರಮ ಬದಲಿಸಿದ ಮೇಲೂ ಉರಿ ಹೋಗದಿದ್ದರೆ ವೈದ್ಯರು ಮೊದಲು ಬರೆಯುವುದು ಕ್ಯಾಲ್ಸಿಯಂ, ಮೆಗ್ನೀಸಿಯಂ, ಅಲ್ಯೂಮಿನಿಯಂ ಲವಣಗಳ ಆಂಟಾಸಿಡ್. ಇವು ಊರಿದ ಆಮ್ಲವನ್ನು ತಟಸ್ಥಗೊಳಿಸುತ್ತವೆ; ಹೇಳಿದ ಪ್ರಮಾಣ ಮೀರಬಾರದು ಅಷ್ಟೆ. ಕಡಲಪಾಚಿಯಿಂದ ತೆಗೆದ ಆಲ್ಜಿನೇಟ್ ಇರುವ ಸಿರಪ್ಪು ಜಠರದೊಳಗಿನ ಆಹಾರದ ಮೇಲೆ ತೇಲುವ ನೊರೆಪದರ ಕಟ್ಟಿ ಆಮ್ಲ ಮೇಲೇರದಂತೆ ತಡೆಯುತ್ತದೆ. ಅದರಿಂದಲೂ ಆಗದಿದ್ದರೆ ಆಮ್ಲ ಊರುವುದನ್ನೇ ತಗ್ಗಿಸುವ ಫ್ಯಾಮೊಟಿಡಿನ್, ಕೊನೆಗೆ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಮುಂತಾದವು. ಈ ಕೊನೆಯ ಗುಂಪಿನ ಬಗ್ಗೆ ಡೆನ್ಮಾರ್ಕಿನ ಸಂಶೋಧಕರು 1996ರಿಂದ 2008ರವರೆಗಿನ 8,40,968 ಜನನಗಳ ದಾಖಲೆ ತೆಗೆದು ನೋಡಿದರು. ಬಸಿರಿನ ಮೊದಲ ಮೂರು ತಿಂಗಳಲ್ಲಿ ಇವನ್ನು ತೆಗೆದುಕೊಂಡವರ ಮಕ್ಕಳಲ್ಲಿ ಗಂಭೀರ ಜನ್ಮದೋಷಗಳು ಗಣನೀಯವಾಗಿ ಹೆಚ್ಚಿರಲಿಲ್ಲ ಎಂದು 2010ರಲ್ಲಿ ವರದಿ ಮಾಡಿದರು.

ಅಂದರೆ, ಸಹಿಸಲಾಗದಷ್ಟು ಉರಿಯಿದ್ದರೆ ಚಿಕಿತ್ಸೆಯಿದೆ. ಯಾವುದು, ಎಷ್ಟು, ಎಷ್ಟು ದಿನ ಎಂಬುದನ್ನು ಬಸುರಿಯ ಕಾರ್ಡು ನೋಡಿದ ವೈದ್ಯರು ಹೇಳಬೇಕು.

ಕೈಗೆ ಸಿಕ್ಕದ್ದನ್ನು ನುಂಗುವುದರ ಅಪಾಯಗಳು ಬೇರೆ. ಲೋಟದ ನೀರಿಗೆ ಅಡುಗೆ ಸೋಡಾ ಕದಡಿ ಕುಡಿಯುವುದು, ನೊರೆ ಉಕ್ಕುವ ಫ್ರೂಟ್ ಸಾಲ್ಟ್ ಪುಡಿಯನ್ನು ದಿನಾ ಬಳಸುವುದು ಬಸುರಿಗೆ ತಕ್ಕುದಲ್ಲ. ಅವುಗಳಲ್ಲಿರುವ ಸೋಡಿಯಂ ಬೈಕಾರ್ಬೊನೇಟ್ ಮೈಯಲ್ಲಿ ನೀರು ನಿಲ್ಲಿಸುತ್ತದೆ, ರಕ್ತದ ಆಮ್ಲ-ಕ್ಷಾರದ ಹದ ಕೆಡಿಸುತ್ತದೆ. ಮನೆಮನೆಯ ಡಬ್ಬಿಯಲ್ಲಿದ್ದ ರಾನಿಟಿಡಿನ್ ಮಾತ್ರೆಯಲ್ಲಿ ಕ್ಯಾನ್ಸರ್‌ಕಾರಕವೆಂದು ಶಂಕಿಸಲಾದ ಎನ್‌ಡಿಎಂಎ ಎಂಬ ಕಲ್ಮಶ ಕಂಡುಬಂದು, 2020ರ ಏಪ್ರಿಲ್‌ನಲ್ಲಿ ಅಮೆರಿಕ ಅದನ್ನು ಮಾರುಕಟ್ಟೆಯಿಂದ ತೆಗೆಸಿತು. ಭಾರತದ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಿಂದಲೂ 2022ರಲ್ಲಿ ಅದನ್ನು ಕೈಬಿಡಲಾಯಿತು. ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಮಿಸೊಪ್ರೊಸ್ಟಾಲ್ ವಿಷಯದಲ್ಲಿ. ನೋವಿನ ಮಾತ್ರೆಗಳಿಂದಾಗುವ ಜಠರದ ಹುಣ್ಣನ್ನು ತಡೆಯಲೆಂದು ಬಳಕೆಗೆ ಬಂದ ಈ ಔಷಧ ಗರ್ಭಕೋಶವನ್ನು ಹಿಂಡಿಸಿ ಗರ್ಭಪಾತ ಮಾಡಿಸಬಲ್ಲದು. ಕೆಲವು ನೋವಿನ ಮಾತ್ರೆಗಳ ಜೊತೆ ಬೆರೆತೂ ಬರುತ್ತದೆ. ಮೆಡಿಕಲ್ ಶಾಪಿನಲ್ಲಿ ‘ಗ್ಯಾಸ್ಟ್ರಿಕ್‌ಗೆ ಒಂದು ಮಾತ್ರೆ ಕೊಡಿ’ ಎಂದು ಕೇಳುವ ಗಂಡ, ಹೆಂಡತಿ ಬಸುರಿ ಎಂಬುದನ್ನು ಮೊದಲು ಹೇಳಬೇಕು.

ಶಸ್ತ್ರಚಿಕಿತ್ಸೆಗೆ ಮುನ್ನ ಉಪವಾಸ ಏಕೆ

ಇದೇ ಆಮ್ಲ ಹೆರಿಗೆ ಕೋಣೆಯ ಇತಿಹಾಸವನ್ನೂ ಬದಲಿಸಿದೆ. ನ್ಯೂಯಾರ್ಕಿನ ಪ್ರಸೂತಿ ವೈದ್ಯ ಕರ್ಟಿಸ್ ಮೆಂಡೆಲ್‌ಸನ್ 1932ರಿಂದ 1945ರವರೆಗೆ ತಮ್ಮ ಲೈಯಿಂಗ್-ಇನ್ ಆಸ್ಪತ್ರೆಯಲ್ಲಾದ 44,016 ಬಸಿರುಗಳ ದಾಖಲೆ ತೆಗೆದರು. ಅರಿವಳಿಕೆಯಲ್ಲಿದ್ದಾಗ ಜಠರದಲ್ಲಿದ್ದದ್ದು ಗಂಟಲಿಗೇರಿ ಶ್ವಾಸಕೋಶಕ್ಕೆ ಇಳಿದ 66 ಪ್ರಕರಣಗಳು ಅದರಲ್ಲಿದ್ದವು. ಗಟ್ಟಿ ಆಹಾರ ಉಸಿರುಕೊಳವೆಗೆ ಸಿಕ್ಕಿಕೊಂಡು ಇಬ್ಬರು ತಾಯಂದಿರು ಅಸುನೀಗಿದ್ದರು. ಉಳಿದ ಬಹುತೇಕರಿಗೆ ದ್ರವ ಮಾತ್ರ ಇಳಿದಿದ್ದರೂ ಉಸಿರು ಕಟ್ಟಿ ಮೈ ನೀಲಿಗಟ್ಟಿತ್ತು. ದ್ರವವೇ ಅಷ್ಟು ಹಾನಿ ಮಾಡಿದ್ದೇಕೆಂದು ತಿಳಿಯಲು ಅವರು ಮೊಲಗಳ ಶ್ವಾಸಕೋಶಕ್ಕೆ ಬೇರೆ ಬೇರೆ ದ್ರವ ಹಾಕಿ ನೋಡಿದರು. ಆಮ್ಲವೇ ಅಪರಾಧಿ ಎಂದು 1946ರಲ್ಲಿ ಬರೆದರು. ಈ ಕಾಯಿಲೆಗೆ ಮೆಂಡೆಲ್‌ಸನ್ ಸಿಂಡ್ರೋಮ್ ಎಂಬ ಹೆಸರೇ ಉಳಿಯಿತು.

ಸಿಸೇರಿಯನ್‌ಗೆ ಮುನ್ನ ಊಟ ಬೇಡವೆನ್ನುವುದು, ಆಮ್ಲ ತಗ್ಗಿಸುವ ಔಷಧ ಕೊಡುವುದು, ಪೂರ್ತಿ ಪ್ರಜ್ಞೆ ತಪ್ಪಿಸುವ ಬದಲು ಬೆನ್ನಿಗೆ ಅರಿವಳಿಕೆ ಚುಚ್ಚುವುದು, ಇವೆಲ್ಲದರ ಹಿಂದೆ ಆ ಪಾಠವಿದೆ. ‘ಪಾಪ, ಹಸಿದಿದ್ದಾಳೆ’ ಎಂದು ನರ್ಸ್ ಕಣ್ಣು ತಪ್ಪಿಸಿ ಇಡ್ಲಿ ತಿನ್ನಿಸುವ ಬಂಧುಗಳು ಇದನ್ನು ತಿಳಿದಿರಬೇಕು. ಎದೆಯುರಿ ಜೋರಾಗಿರುವ ಬಸುರಿಯೂ ಶಸ್ತ್ರಚಿಕಿತ್ಸೆಗೆ ಮೊದಲು ಅರಿವಳಿಕೆ ವೈದ್ಯರಿಗೆ ಆ ಮಾತನ್ನು ಹೇಳಿಬಿಡಬೇಕು.

ಉರಿಯಲ್ಲದ ನೋವು

20 ವಾರ ಕಳೆದ ಮೇಲೆ ಬರುವ ಮೇಲುಹೊಟ್ಟೆಯ ನೋವನ್ನೆಲ್ಲ ಗ್ಯಾಸ್ಟ್ರಿಕ್ ಎಂದು ತಳ್ಳಿಹಾಕಬಾರದು. ಈ ಲೇಖನದಲ್ಲಿ ಒಂದೇ ಒಂದು ಸಂಗತಿ ಓದುಗರ ನೆನಪಿನಲ್ಲಿ ಉಳಿಯಬೇಕೆಂದಿದ್ದರೆ ಅದು ಇದು.

ಅಮೆರಿಕದ ವೈದ್ಯ ಲೂಯಿಸ್ ವೈನ್‌ಸ್ಟೀನ್ 1982ರಲ್ಲಿ 29 ಗರ್ಭಿಣಿಯರ ವಿವರ ಕಲೆಹಾಕಿ ಒಂದು ಕಾಯಿಲೆಗೆ ಹೆಲ್ಪ್ ಸಿಂಡ್ರೋಮ್ ಎಂದು ಹೆಸರಿಟ್ಟರು. ಇದರಲ್ಲಿ ಕೆಂಪು ರಕ್ತಕಣಗಳು ಒಡೆಯುತ್ತವೆ, ಯಕೃತ್ತಿಗೆ ಹಾನಿಯಾಗುತ್ತದೆ, ಪ್ಲೇಟ್‌ಲೆಟ್‌ಗಳು ಕುಸಿಯುತ್ತವೆ. ಬಸಿರಿನ ರಕ್ತದೊತ್ತಡದ ಕಾಯಿಲೆಯಾದ ಪ್ರಿಎಕ್ಲಾಂಪ್ಸಿಯಾ ಉಲ್ಬಣಿಸಿದಾಗ ಬರುವ ಸ್ಥಿತಿಯಿದು. ಊದಿಕೊಂಡ ಯಕೃತ್ತು ತನ್ನ ಹೊದಿಕೆಯನ್ನು ಹಿಗ್ಗಿಸುವುದರಿಂದ ಎದೆಗುಂಡಿಗೆಯ ಕೆಳಗೆ ಅಥವಾ ಬಲಪಕ್ಕೆಯ ಅಡಿಯಲ್ಲಿ ನೋವು ಬರುತ್ತದೆ. ವಾಕರಿಕೆ, ವಾಂತಿ, ಸುಸ್ತೂ ಜೊತೆಗಿರುತ್ತವೆ. ನೋಡುವವರಿಗೆ ಎಲ್ಲವೂ ಜಠರದ ತೊಂದರೆಯಂತೆಯೇ ಕಾಣುತ್ತದೆ. ಆಂಟಾಸಿಡ್ ಕುಡಿಸಿ ಮಲಗಿಸಿದರೆ ಕಳೆದುಹೋಗುವ ಒಂದೊಂದು ಗಂಟೆಯೂ ದುಬಾರಿ.

ಎದೆಯುರಿ ಸಾಮಾನ್ಯವಾಗಿ ಊಟದ ನಂತರ ಅಥವಾ ಮಲಗಿದಾಗ ಬರುತ್ತದೆ, ಎದ್ದು ಕೂತರೆ ತಗ್ಗುತ್ತದೆ, ಆಂಟಾಸಿಡ್‌ಗೆ ಜಗ್ಗುತ್ತದೆ. ಹಾಗಾಗದೆ ನೋವು ಪಟ್ಟಾಗಿ ನಿಂತರೆ, ಬಲಪಕ್ಕೆಯ ಕೆಳಗಿದ್ದರೆ, ಜೊತೆಗೆ ತಲೆ ಸಿಡಿಯುತ್ತಿದ್ದರೆ, ಕಣ್ಣು ಮಂಜಾದರೆ, ಮುಖ-ಕೈ ಒಮ್ಮೆಲೇ ಊದಿಕೊಂಡರೆ ಬೆಳಗಾಗುವವರೆಗೆ ಕಾಯುವಂತಿಲ್ಲ. ರಾತ್ರಿಯಾದರೂ 108ಕ್ಕೆ ಕರೆ ಮಾಡಿ ಆಸ್ಪತ್ರೆ ಸೇರಬೇಕು. ರಕ್ತದೊತ್ತಡ 140/90 ಇಲ್ಲವೆ ಅದಕ್ಕಿಂತ ಮೇಲಿದೆಯೇ, ಮೂತ್ರದಲ್ಲಿ ಪ್ರೋಟೀನು ಹೋಗುತ್ತಿದೆಯೇ ಎಂದು ನೋಡಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಐದು ನಿಮಿಷ ಸಾಕು. ಆದರೆ ಹೆಲ್ಪ್ ಸಿಂಡ್ರೋಮ್ ಬಂದ ಕೆಲವರಲ್ಲಿ ರಕ್ತದೊತ್ತಡ ಏರಿರುವುದೇ ಇಲ್ಲ. ಹಾಗಾಗಿ ಬಿಪಿ ಸರಿಯಿದ್ದರೂ ನೋವು ಬಿಡದಿದ್ದರೆ ಪ್ಲೇಟ್‌ಲೆಟ್ ಮತ್ತು ಯಕೃತ್ತಿನ ರಕ್ತಪರೀಕ್ಷೆ ಮಾಡಿಸಿಕೊಡಿ ಎಂದು ಕೇಳುವುದು ತಪ್ಪಲ್ಲ.

ವಾಂತಿಯಲ್ಲಿ ರಕ್ತ, ನುಂಗಲು ತಡೆ, ತೂಕ ಇಳಿಯುವುದು, ಎಡತೋಳಿಗೆ ಅಥವಾ ದವಡೆಗೆ ಹರಡುವ ಎದೆನೋವು ಕೂಡ ತಕ್ಷಣ ವೈದ್ಯರ ಗಮನಕ್ಕೆ ಬರಬೇಕು. ಕಬ್ಬಿಣದ ಮಾತ್ರೆಯಿಂದ ಮಲ ಕಪ್ಪಾಗುವುದು ಸಹಜ. ಆದರೆ ಮಾತ್ರೆ ನುಂಗದವರಿಗೆ ಡಾಂಬರಿನಂತೆ ಕಪ್ಪಗಿನ ಅಂಟುಮಲ ಬಂದರೆ ಹೊಟ್ಟೆಯೊಳಗೆ ರಕ್ತ ಸೋರುತ್ತಿರಬಹುದು.

ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ಉಚಿತ ತಪಾಸಣೆ ನಡೆಯುತ್ತದೆ. ಸಾಲು ಉದ್ದವಿರುತ್ತದೆ, ತೂಕ, ಬಿಪಿ, ಮೂತ್ರಪರೀಕ್ಷೆ ಮುಗಿಸಿ ವೈದ್ಯರ ಮುಂದೆ ಕೂರುವ ಹೊತ್ತಿಗೆ ಹೇಳಬೇಕೆಂದಿದ್ದದ್ದು ಮರೆತುಹೋಗಿರುತ್ತದೆ. ಉರಿ ಯಾವಾಗ ಬರುತ್ತದೆ, ಏನು ತಿಂದರೆ ಹೆಚ್ಚು, ರಾತ್ರಿ ಎಷ್ಟು ಸಲ ಎಚ್ಚರವಾಗುತ್ತದೆ, ಕಬ್ಬಿಣದ ಮಾತ್ರೆ ಎಷ್ಟು ದಿನ ಬಿಟ್ಟಿದ್ದಾಳೆ, ಅಂಗಡಿಯಿಂದ ತಂದು ಏನು ನುಂಗಿದ್ದಾಳೆ ಎಂಬಿಷ್ಟನ್ನು ಹಿಂದಿನ ದಿನವೇ ಒಂದು ಚೀಟಿಯಲ್ಲಿ ಬರೆದು ತಾಯಿ ಕಾರ್ಡಿನ ಒಳಗಿಟ್ಟುಕೊಳ್ಳಬೇಕು. ಜೊತೆಗೆ ಹೋಗುವ ಗಂಡನೋ ತಾಯಿಯೋ ಅತ್ತೆಯೋ ಆ ಚೀಟಿಯನ್ನು ವೈದ್ಯರ ಮೇಜಿನ ಮೇಲಿಟ್ಟು, ಉತ್ತರ ಸಿಕ್ಕ ಮೇಲೆಯೇ ಏಳಬೇಕು.